ಕೈ ಎತ್ತುವವನ ಸುತ್ತ ನಿಂತವರು

ಮನುಷ್ಯ ತನ್ನ ಇಡೀ ಆಯಸ್ಸಿನಲ್ಲಿ ಅತಿ ಹೆಚ್ಚು ಸಲ ಇನ್ನೊಬ್ಬರಿಗೆ ಹೊಡೆಯುವುದು, ಕಚ್ಚುವುದು, ತಳ್ಳುವುದು ಯಾವ ವಯಸ್ಸಿನಲ್ಲಿ? ಮೀಸೆ ಚಿಗುರುವ ಹದಿನಾರರಲ್ಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಕೆನಡಾದ ಮಾಂಟ್ರಿಯಲ್‌ನ ಮನಶ್ಶಾಸ್ತ್ರಜ್ಞ ರಿಚರ್ಡ್ ಟ್ರೆಂಬ್ಲೆ ಎಳೆಯ ವಯಸ್ಸಿನಿಂದಲೇ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗಿ ಕಂಡುಕೊಂಡ ಉತ್ತರ ಬೇರೆ: ಎರಡರಿಂದ ನಾಲ್ಕು ವರ್ಷದ ನಡುವೆ. ಅರಕಲಗೂಡಿನ ಯಾವ ಅಂಗನವಾಡಿ ಕಾರ್ಯಕರ್ತೆಗೂ ಇದು ಹೊಸ ಸುದ್ದಿಯಲ್ಲ. ಒಂದು ಬಣ್ಣದ ಚೆಂಡಿಗೆ ಇಬ್ಬರು ಕೈ ಹಾಕಿದರೆ ಅರ್ಧ ನಿಮಿಷದೊಳಗೆ ಒಬ್ಬರ ಕೂದಲು ಇನ್ನೊಬ್ಬರ ಮುಷ್ಟಿಯಲ್ಲಿರುತ್ತದೆ. ಆ ಮುಷ್ಟಿಗೆ ಬಲವಿಲ್ಲದ್ದರಿಂದ ಯಾರೂ ಅದನ್ನು ಹಿಂಸೆ ಎಂದು ಕರೆಯುವುದಿಲ್ಲ.

ಟ್ರೆಂಬ್ಲೆ ಅವರ ಮಾತಿನ ತಿರುಳು ಇಲ್ಲಿದೆ. ಹೊಡೆಯುವುದನ್ನು ಮಕ್ಕಳು ಯಾರಿಂದಲೂ ಕಲಿಯಬೇಕಾಗಿಲ್ಲ, ಹೊಡೆಯದೆ ಇರುವುದನ್ನು ಕಲಿಯಬೇಕು. ಬೇಕಾದದ್ದನ್ನು ಮಾತಿನಲ್ಲಿ ಕೇಳುವುದು, ಸರದಿಗೆ ಕಾಯುವುದು, ಸಿಟ್ಟು ಬಂದಾಗ ಅಳುವುದಕ್ಕೋ ದೂರ ಹೋಗುವುದಕ್ಕೋ ಸಾಧ್ಯವಾಗುವುದು, ಇದೆಲ್ಲ ನಿಧಾನವಾಗಿ ಬರುವ ವಿದ್ಯೆ. ಬಹುಪಾಲು ಮಕ್ಕಳಿಗೆ ಶಾಲೆ ಸೇರುವ ಹೊತ್ತಿಗೆ ಅದು ಒಂದು ಮಟ್ಟಿಗೆ ಬಂದಿರುತ್ತದೆ. ಕೆನಡಾದಲ್ಲಿ 10,658 ಮಕ್ಕಳ ಮಾಹಿತಿಯನ್ನು ಎರಡರಿಂದ ಹನ್ನೊಂದನೇ ವಯಸ್ಸಿನವರೆಗೆ ನೋಡಿದ 2006ರ ಅಧ್ಯಯನದಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳು ಮೊದಲಿನಿಂದಲೂ ಸಾಧುಗಳು. ಅರ್ಧಕ್ಕಿಂತ ಹೆಚ್ಚಿನವರು ಚಿಕ್ಕಂದಿನಲ್ಲಿ ಹೊಡೆದಾಡಿ ಬರಬರುತ್ತಾ ಬಿಟ್ಟರು. ಆರರಲ್ಲಿ ಒಂದು ಮಗು ಮಾತ್ರ ಕೈ ಇಳಿಸಲಿಲ್ಲ. ಆ ಆರನೆಯ ಮಗುವಿನ ಮನೆಯಲ್ಲಿ ಕಡಿಮೆ ಆದಾಯ, ತಾಯಿಗೆ ಕಡಿಮೆ ಓದು, ರೇಗಾಟದ ಪಾಲನೆ ಹೆಚ್ಚಾಗಿ ಕಂಡುಬಂದವು.

ಬಡತನ ಮಕ್ಕಳನ್ನು ಒರಟರನ್ನಾಗಿ ಮಾಡುತ್ತದೆ ಎಂದು ಇದನ್ನು ಓದಿದರೆ ತಪ್ಪಾಗುತ್ತದೆ. ನಡುವೆ ಒಂದು ಕೊಂಡಿ ಇದೆ. ಹಾಸನ ಜಿಲ್ಲೆಯ ಓದುಗರಿಗೆ ಆ ಕೊಂಡಿಯನ್ನು ತೋರಿಸಿಕೊಡಬಲ್ಲ ಅಧ್ಯಯನ ನಡೆದದ್ದು ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಳಲ್ಲಿ. 1980ರ ದಶಕದಲ್ಲಿ ಅಲ್ಲಿನ ಜಮೀನಿನ ಬೆಲೆ ಕುಸಿಯಿತು, ಸಾಲ ತೀರಿಸಲಾಗದೆ ಸಾವಿರಾರು ರೈತರು ಭೂಮಿ ಕಳೆದುಕೊಂಡರು. ರ್‍ಯಾಂಡ್ ಕಾಂಗರ್ ಮತ್ತು ಸಂಗಡಿಗರು 1989ರಲ್ಲಿ ಏಳನೇ ತರಗತಿಯ ಮಗುವಿರುವ 451 ಕುಟುಂಬಗಳನ್ನು ಆರಿಸಿಕೊಂಡು ಅವರ ಮನೆಗಳಿಗೆ ಹೋದರು. ಸಾಲ ನೇರವಾಗಿ ಮಗುವನ್ನು ಮುಟ್ಟುತ್ತಿರಲಿಲ್ಲ. ಅದು ಮೊದಲು ಅಪ್ಪನ ಮುಖದಲ್ಲಿ ಕುಳಿತುಕೊಳ್ಳುತ್ತಿತ್ತು, ಆಮೇಲೆ ಅಪ್ಪ ಅಮ್ಮನ ಜಗಳವಾಗುತ್ತಿತ್ತು, ಅಲ್ಲಿಂದ ಮಗುವಿನ ಮೇಲಿನ ಗದರಿಕೆಯಾಗಿ, ಕೊನೆಗೆ ಮಗುವಿನ ನಡತೆಯಲ್ಲಿ ಹೊರಬೀಳುತ್ತಿತ್ತು. ಗಂಡ ಹೆಂಡತಿ ಒಬ್ಬರಿಗೊಬ್ಬರು ಆಸರೆಯಾಗಿದ್ದ ಮನೆಗಳಲ್ಲಿ ಈ ಸರಪಳಿ ಸಡಿಲವಾಗುತ್ತಿತ್ತು ಎಂಬುದೂ ಆ ಅಧ್ಯಯನವೇ ಹೇಳಿದ ಸಂಗತಿ.

ಅಯೋವಾದ ಮೆಕ್ಕೆಜೋಳದ ಹೊಲದ ಜಾಗದಲ್ಲಿ ಅರಕಲಗೂಡಿನ ಹೊಗೆಸೊಪ್ಪನ್ನು ಇಟ್ಟು ನೋಡಬಹುದು. ಮುಂಗಾರಿನ ನಡುವೆ ಸೊಪ್ಪು ಮುರಿದು, ಪೋಣಿಸಿ, ಹದಮಾಡುವ ಬ್ಯಾರನ್‌ಗೆ ಏರಿಸಿದರೆ ಹಗಲು ರಾತ್ರಿ ಬೆಂಕಿ ಕಾಯಬೇಕು. ಶಾಖ ತುಸು ಹೆಚ್ಚುಕಡಿಮೆಯಾದರೂ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಆ ಸೊಪ್ಪಿಗೆ ಬೆಲೆ ಇಲ್ಲ. ನಿದ್ದೆಗೆಟ್ಟ ಅಪ್ಪ, ಸೊಪ್ಪಿನ ಅಂಟು ಮೆತ್ತಿದ ಕೈಯಲ್ಲೇ ಒಲೆ ಹಚ್ಚುವ ಅಮ್ಮ, ಅದೇ ಹೊತ್ತಿಗೆ ಹೋಂವರ್ಕ್ ಪುಸ್ತಕ ಹಿಡಿದು ಎದುರಿಗೆ ನಿಲ್ಲುವ ಮಗು. ಹಾಸನದ ಸುತ್ತ ಅಂಗಮಾರಿ ಬಿದ್ದ ಆಲೂಗೆಡ್ಡೆ ಹೊಲ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಧಾರಣೆ ನೆಲ ಕಚ್ಚಿದ ವರ್ಷ, ಎಲ್ಲ ಕಡೆ ಇದೇ ಸಂಜೆ. ಬೆಳೆ ವಿಮೆಯ ಅರ್ಜಿಯಲ್ಲಿ ಈ ನಷ್ಟಕ್ಕೆ ಕಾಲಂ ಇಲ್ಲ.

ಇಂಥ ಸಂಜೆಗಳಲ್ಲಿ ಮನೆಯೊಳಗೆ ನಡೆಯುವುದೇನು ಎಂಬುದನ್ನು ಗಳಿಗೆ ಗಳಿಗೆಯೂ ಬರೆದಿಟ್ಟವರು ಅಮೆರಿಕದ ಆರೆಗಾನ್‌ನ ಜೆರಾಲ್ಡ್ ಪ್ಯಾಟರ್ಸನ್. ಅವರ ತಂಡ ಮನೆಗಳಲ್ಲಿ ಕೂತು ಯಾರು ಏನೆಂದರು, ಅದಕ್ಕೆ ಏನು ಉತ್ತರ ಬಂತು ಎಂದು ಗುರುತು ಮಾಡಿಕೊಂಡಿತು. ಮಗು ಮೊಬೈಲ್ ಕೇಳುತ್ತದೆ, ಅಮ್ಮ ಬೇಡ ಎನ್ನುತ್ತಾಳೆ. ಮಗು ಕಿರುಚುತ್ತದೆ, ಅಮ್ಮ ಗದರುತ್ತಾಳೆ. ಮಗು ತಟ್ಟೆ ಎಸೆಯುತ್ತದೆ, ದಣಿದ ಅಮ್ಮ ‘ತಗೊಂಡು ಸಾಯಿ’ ಎಂದು ಮೊಬೈಲ್ ಕೊಟ್ಟುಬಿಡುತ್ತಾಳೆ. ಮನೆ ತಣ್ಣಗಾಗುತ್ತದೆ. ತಟ್ಟೆ ಎಸೆದರೆ ಕೆಲಸವಾಗುತ್ತದೆ ಎಂದು ಮಗು ಕಲಿಯಿತು, ಕೊಟ್ಟುಬಿಟ್ಟರೆ ನೆಮ್ಮದಿ ಎಂದು ಅಮ್ಮ ಕಲಿತಳು. ಒಂದು ದಿನದ ಮಟ್ಟಿಗೆ ಇದು ಏನೂ ಅಲ್ಲ. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ನಡೆದರೆ ಆ ಮಗು ಒಂದನೇ ತರಗತಿಗೆ ಬರುವಾಗ ಅದರ ಕೈಯಲ್ಲಿ ಪಳಗಿದ ಒಂದೇ ಒಂದು ಸಾಧನವಿರುತ್ತದೆ. ಉಳಿದ ಮಕ್ಕಳು ದೂರ ಸರಿಯುತ್ತಾರೆ, ಅದು ತನ್ನಂಥವರನ್ನೇ ಹುಡುಕಿಕೊಳ್ಳುತ್ತದೆ.

ಇದರ ಮೇಲೆ ಹೊಡೆತ. ‘ನಾಲ್ಕು ಬಿಗೀರಿ ಮೇಷ್ಟ್ರೇ, ನಾವೇನೂ ಅನ್ನಲ್ಲ’ ಎಂದು ಶಾಲೆಗೆ ಬಂದು ಹೇಳಿಹೋಗುವ ತಂದೆಯರು ಇಂದಿಗೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದಕ್ಕೆ ಎರಡು ವರ್ಷ ಮೊದಲು, 2007ರಲ್ಲಿ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ವರದಿಯ ಪ್ರಕಾರ ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ 65ರಷ್ಟು ಮಂದಿ ಶಾಲೆಯಲ್ಲಿ ಪೆಟ್ಟು ತಿಂದಿದ್ದರು. ಹೊಡೆದು ಬೆಳೆಸಿದರೆ ಮಕ್ಕಳು ತಗ್ಗಿ ನಡೆಯುತ್ತಾರೆ ಎಂಬ ನಂಬಿಕೆಗೆ ಪುರಾವೆ ಸಿಗುವುದಿಲ್ಲ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇತ್ತು. ಪೆಟ್ಟು ತಿನ್ನುವ ಮಕ್ಕಳಲ್ಲಿ ಹೊಡೆಯುವ ಸ್ವಭಾವವೂ ಹೆಚ್ಚಾಗಿಯೇ ಕಂಡುಬಂತು.

ಪೆಟ್ಟಿನ ನಡುವೆ ಬೆಳೆದ ಮಗು ಎದುರಿಗಿರುವವರ ಮನಸ್ಸನ್ನು ಓದುವ ರೀತಿಯೂ ಬದಲಾಗುತ್ತದೆ. ಬಿಸಿಯೂಟದ ಸಾಲಿನಲ್ಲಿ ಹಿಂದಿನವನ ಕೈ ತಗುಲಿ ಸಾರು ಅಂಗಿಯ ಮೇಲೆ ಚೆಲ್ಲಿತು ಎನ್ನೋಣ. ಹೆಚ್ಚಿನ ಹುಡುಗರು ‘ನೋಡ್ಕೊಂಡು ನಿಂತ್ಕೊಳ್ಳೋ’ ಎಂದು ಸುಮ್ಮನಾಗುತ್ತಾರೆ. ಒಬ್ಬ ಮಾತ್ರ ‘ಬೇಕಂತ್ಲೇ ಮಾಡ್ದ’ ಎಂದು ಮೈಮೇಲೆ ಬೀಳುತ್ತಾನೆ. ಅಮೆರಿಕದ ಕೆನೆತ್ ಡಾಡ್ಜ್ 1980ರಿಂದ ಈ ಒಂದು ಕ್ಷಣವನ್ನೇ ಪರೀಕ್ಷಿಸುತ್ತಾ ಬಂದವರು. ಆಕಸ್ಮಿಕವೋ ಉದ್ದೇಶವೋ ಸ್ಪಷ್ಟವಿಲ್ಲದ ಕಡೆ ಈ ಹುಡುಗರು ಉದ್ದೇಶವನ್ನೇ ಕಾಣುತ್ತಾರೆ. ನಮ್ಮ ಮನೆಗಳಲ್ಲಿ ಎಡವಿ ಬಿದ್ದ ಮಗುವನ್ನು ಸಮಾಧಾನಪಡಿಸಲು ಅಜ್ಜಿ ನೆಲಕ್ಕೆ ಎರಡೇಟು ಹಾಕುವುದುಂಟು: ‘ನಮ್ ಪುಟ್ಟನ್ನ ಬೀಳಿಸ್ತಾ ಇದು? ತಗೋ!’ ಪ್ರೀತಿಯಿಂದಲೇ ಮಾಡುವ ಕೆಲಸ, ಅದೊಂದರಿಂದ ಯಾವ ಮಗುವೂ ಕೆಡುವುದಿಲ್ಲ. ಆದರೂ ನೋವಾದಾಗಲೆಲ್ಲ ಹೊಡೆಯುವುದಕ್ಕೆ ಒಬ್ಬ ಅಪರಾಧಿ ಬೇಕು ಎಂಬ ಪಾಠ ಅದರಲ್ಲಿ ಇದ್ದೇ ಇದೆ. ಕಾಲು ಉಜ್ಜಿ ‘ನೋಡಿ ನಡಿ ಮಗಾ’ ಎಂದರೂ ಅಳು ನಿಲ್ಲುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಿಟ್ಟಿನ ಕಥೆ. ಬುಲ್ಲಿಯಿಂಗ್ ಎಂದು ಇಂಗ್ಲಿಷಿನಲ್ಲಿ ಕರೆಯುವ, ನಮ್ಮ ಮಕ್ಕಳು ‘ಗೋಳು ಹೊಯ್ಕೊಳ್ತಾರೆ’ ಎಂದು ಹೇಳಿಕೊಳ್ಳುವ ಸಂಗತಿ ಬೇರೆಯೇ ಜಾತಿಯದು. ಅಲ್ಲಿ ಸಿಟ್ಟು ಇರಲೇಬೇಕೆಂದಿಲ್ಲ, ಎಷ್ಟೋ ಸಲ ನಗು ಇರುತ್ತದೆ.

ಈ ವ್ಯತ್ಯಾಸವನ್ನು ಜಗತ್ತಿಗೆ ತಿಳಿಸಿದ್ದು ಒಂದು ದುರಂತ. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ತೀವ್ರ ಕಿರುಕುಳವೇ ಬಹುಮಟ್ಟಿಗೆ ಕಾರಣವೆಂದು ಪತ್ರಿಕೆಗಳು ಬರೆದವು, ದೇಶ ತಲ್ಲಣಿಸಿತು. ಮರುವರ್ಷವೇ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನ ಶುರುಮಾಡಿತು. ಬರ್ಗೆನ್ ನಗರದ ಡ್ಯಾನ್ ಓಲ್ವೇಯಸ್ ಸುಮಾರು 2,500 ವಿದ್ಯಾರ್ಥಿಗಳನ್ನು ಎರಡೂವರೆ ವರ್ಷ ಗಮನಿಸಿ, ಶಾಲೆ ಒಟ್ಟಾಗಿ ನಿಂತರೆ ಇಂಥ ಕಿರುಕುಳವನ್ನು ಅರ್ಧದಷ್ಟು ಇಳಿಸಬಹುದೆಂದು ತೋರಿಸಿದರು. ಅವರು ಕೊಟ್ಟ ಮೂರು ಗುರುತುಗಳನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿಸಿ ಉತ್ತರ ಕೊಡಲಾರದವರಿಗೇ ಮಾಡುವುದು. ಸಮಬಲದ ಇಬ್ಬರು ಹುಡುಗರು ಕಬಡ್ಡಿ ಅಂಕಣದಲ್ಲಿ ಕಾಲರ್ ಹಿಡಿದುಕೊಂಡರೆ ಅದು ಜಗಳ. ಐವರು ಸೇರಿ ಒಬ್ಬನ ಚೀಲವನ್ನು ದಿನಾ ಚರಂಡಿಗೆ ಎಸೆದರೆ ಅದು ಬೇರೆ.

ಕಿರುಕುಳ ಕೊಡುವವನು ಒಳಗೊಳಗೇ ಅಳುಕುವ, ಕೀಳರಿಮೆಯ ಹುಡುಗ ಎಂಬ ಮಾತು ಬಹಳ ಬಳಕೆಯಲ್ಲಿದೆ. ಲಾಸ್ ಏಂಜಲಿಸ್‌ನ ಸುಮಾರು 2,000 ಆರನೇ ತರಗತಿ ಮಕ್ಕಳ ಮೇಲೆ ಯಾನಾ ಯೂವೊನೆನ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನು ಕಂಡಿತು. ಕಿರುಕುಳ ಕೊಡುವವರೇ ತರಗತಿಯಲ್ಲಿ ಹೆಚ್ಚು ವರ್ಚಸ್ಸುಳ್ಳವರು, ಮನಸ್ಸಿನಲ್ಲೂ ಗಟ್ಟಿಯಾಗಿದ್ದವರು. ತೀರ ಕಷ್ಟದಲ್ಲಿದ್ದದ್ದು ಒಂದು ಕಡೆ ಪೆಟ್ಟು ತಿಂದು ಇನ್ನೊಂದು ಕಡೆ ಪೆಟ್ಟು ಕೊಡುವ ಮಕ್ಕಳು. ಈ ಎರಡು ಬಗೆಯವರನ್ನು ಒಂದೇ ಬೆಂಚಿನ ಮೇಲೆ ನಿಲ್ಲಿಸಿ ಒಂದೇ ಶಿಕ್ಷೆ ಕೊಡುವ ಶಾಲೆಗೆ ಇಬ್ಬರೂ ಅರ್ಥವಾಗುವುದಿಲ್ಲ.

ಹಾಗಿದ್ದರೆ ಅಂಥ ವರ್ಚಸ್ಸಿನ ಹುಡುಗನಿಗೆ ಕಿರುಕುಳದಿಂದ ಸಿಗುವುದೇನು? ಸ್ಥಾನ. ಅಮೆರಿಕದಲ್ಲಿ ಆಂಥನಿ ಪೆಲೆಗ್ರಿನಿ ಐದರಿಂದ ಏಳನೇ ತರಗತಿವರೆಗೆ ಮಕ್ಕಳನ್ನು ಹಿಂಬಾಲಿಸಿದಾಗ ಹೊಸ ಶಾಲೆಗೆ ಕಾಲಿಟ್ಟ ಹೊತ್ತಿನಲ್ಲಿ ಕಿರುಕುಳ ಏರಿ, ಯಾರು ಮೇಲೆ ಯಾರು ಕೆಳಗೆ ಎಂಬುದು ಇತ್ಯರ್ಥವಾದ ಮೇಲೆ ಇಳಿಯುವುದನ್ನು ಕಂಡರು. ಕರ್ನಾಟಕದ ಹಳ್ಳಿ ಮಗುವಿಗೆ ಆ ಹೊತ್ತು ಸಾಮಾನ್ಯವಾಗಿ ಎಂಟನೇ ತರಗತಿ. ಏಳರವರೆಗೆ ಊರ ಶಾಲೆ, ಎಲ್ಲರೂ ಗೊತ್ತಿದ್ದವರು, ಮೇಷ್ಟ್ರಿಗೆ ಅಜ್ಜನ ಹೆಸರೂ ಗೊತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಹೋಬಳಿಯ ಅಥವಾ ತಾಲ್ಲೂಕು ಕೇಂದ್ರದ ಹೈಸ್ಕೂಲು, ಹತ್ತು ಹಳ್ಳಿಗಳ ಮಕ್ಕಳು, ಯಾರಿಗೂ ಇನ್ನೂ ಜಾಗ ಗೊತ್ತಾಗಿಲ್ಲ. ಇದೇ ನಾಟಕ ಹತ್ತು ಮುಗಿದ ಮೇಲೆ ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಪಿಯು ಸೇರುವಾಗ, ಹಾಸ್ಟೆಲಿನ ಮೊದಲ ವಾರಗಳಲ್ಲಿ ಮತ್ತೆ ನಡೆಯುತ್ತದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧವೆಂದು ಹೇಳುತ್ತದೆ. ಹೈಸ್ಕೂಲಿನ ಚರಂಡಿಗೆ ಬಿದ್ದ ಚೀಲ ಅಷ್ಟು ದೂರ ಹೋಗುವುದೇ ಇಲ್ಲ.

ಮೇಲೆ ಕೆಳಗೆ ಎಂಬುದನ್ನು ತೀರ್ಮಾನಿಸುವ ಅಳತೆಗೋಲುಗಳನ್ನು ಮಕ್ಕಳು ತಾವಾಗಿ ಕಂಡುಹಿಡಿಯುವುದಿಲ್ಲ. ಇಂಗ್ಲಿಷ್ ಪಾಠ ಓದುವಾಗ ನಾಲಿಗೆ ತೊಡರಿದ್ದು, ಮೈಬಣ್ಣ, ದಪ್ಪ ದೇಹ, ಅಪ್ಪನ ಕುಡಿತ, ಹೆಣ್ಣುಮಗುವಿನ ನಡಿಗೆ ಇರುವ ಗಂಡುಹುಡುಗ, ಕೊನೆಗೆ ಊಟಕ್ಕೆ ಕೂರುವ ಜಾಗ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಬಸವೇಶ್ವರ ದೇವಾಲಯದೊಳಕ್ಕೆ ಹೋದ ದಲಿತ ಮಹಿಳೆಯರಿಗೆ ದಂಡ ಹಾಕಿದ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾಯಿತು. ದೊಡ್ಡವರು ಯಾರನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಮಕ್ಕಳು ನೋಡುತ್ತಲೇ ಬೆಳೆಯುತ್ತಾರೆ. ಮರುದಿನ ಶಾಲೆಯ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತ ಹುಡುಗನಿಗೆ ಯಾರೂ ಹೊಡೆದಿರುವುದಿಲ್ಲ, ಆದ್ದರಿಂದ ದೂರು ಕೊಡುವುದಕ್ಕೂ ಅವನ ಬಳಿ ಏನೂ ಇರುವುದಿಲ್ಲ. ಹುಡುಗಿಯರ ನಡುವಿನ ಕಿರುಕುಳ ಬಹಳ ಸಲ ಇದೇ ರೂಪದಲ್ಲಿರುತ್ತದೆ: ಮಾತು ಬಿಡುವುದು, ಗುಂಪಿನಿಂದ ಹೊರಗಿಡುವುದು, ಇಲ್ಲದ್ದನ್ನು ಹಬ್ಬಿಸುವುದು. ಗಾಯ ಕಾಣದ್ದರಿಂದ ಶಿಕ್ಷಕರ ಕಣ್ಣಿಗೆ ಬೀಳುವುದು ಅಪರೂಪ.

ಇಷ್ಟಕ್ಕೂ ಸ್ಥಾನ ಎನ್ನುವುದು ನೋಡುವವರಿಲ್ಲದೆ ಸಿಗುವಂಥದ್ದಲ್ಲ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಈ ಅಂಶವನ್ನು ಕೈಗೆತ್ತಿಕೊಂಡು 1996ರಲ್ಲಿ 573 ಆರನೇ ತರಗತಿ ಮಕ್ಕಳ ಪಾತ್ರಗಳನ್ನು ಬಿಡಿಸಿದರು. ಕೈ ಎತ್ತುವವರು ನೂರಕ್ಕೆ ಎಂಟು ಮಂದಿ ಮಾತ್ರ. ಅವರಿಗೆ ನೆರವಾಗಿ ಹಿಡಿದುಕೊಳ್ಳುವವರು ಏಳು ಮಂದಿ. ಸುತ್ತ ನಿಂತು ನಕ್ಕು ಹುರಿದುಂಬಿಸುವವರು ಸುಮಾರು ಇಪ್ಪತ್ತು. ಕಂಡೂ ಕಾಣದಂತೆ ಸರಿದುಹೋಗುವವರು ಇಪ್ಪತ್ತನಾಲ್ಕು. ಅಡ್ಡ ಹೋಗಿ ನಿಲ್ಲುವವರು ಹದಿನೇಳು. ಕೆನಡಾದ ಟೊರಾಂಟೊದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಅವರ ತಂಡ ಆಟದ ಮೈದಾನಗಳನ್ನು ದೂರದಿಂದ ಚಿತ್ರೀಕರಿಸಿ ನೋಡಿದಾಗ ಬಹುಪಾಲು ಘಟನೆಗಳಲ್ಲಿ ಬೇರೆ ಮಕ್ಕಳು ಸುತ್ತ ಇದ್ದರು. ಅವರಲ್ಲಿ ಒಬ್ಬರು ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ 57ರಷ್ಟು, ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತು. ಹದಿಹರೆಯದ ಮಿದುಳೇ ಗೆಳೆಯರ ಕಣ್ಣಿಗೆ ಹೆಚ್ಚು ಮಣಿಯುತ್ತದೆ. ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ತೋರಿಸಿದಂತೆ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಂಟಿಯಾಗಿ ಆಡಿದ ಹದಿಹರೆಯದವರಿಗಿಂತ ಗೆಳೆಯರನ್ನು ಪಕ್ಕದಲ್ಲಿಟ್ಟುಕೊಂಡು ಆಡಿದ ಹದಿಹರೆಯದವರು ಬಹಳ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ.

ಈಗ ಸುತ್ತ ನಿಲ್ಲುವವರು ಮೈದಾನದಲ್ಲಿ ಇರಬೇಕಾಗಿಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಿದ್ದರೆ ಅರವತ್ತು ಮಂದಿ ಏಕಕಾಲಕ್ಕೆ ನೋಡುತ್ತಾರೆ, ಸಂಜೆ ಮನೆ ಸೇರಿದರೂ ಅದು ಹಿಂದೆ ಬರುತ್ತದೆ. ಮಕ್ಕಳಿಗೆ ಮೊಬೈಲ್ ಕೊಡಬಾರದು ಎಂದು ಹೇಳುವ ಮೊದಲು ಹಾಸನದ ದೊಡ್ಡವರು 2024ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಲೋಕಸಭಾ ಚುನಾವಣೆಯ ಆ ದಿನಗಳಲ್ಲಿ ಜಿಲ್ಲೆಯ ಬೀದಿಬೀದಿಗಳಲ್ಲಿ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಬಿದ್ದವು. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಮುಖಗಳು ಮೊಬೈಲಿನಿಂದ ಮೊಬೈಲಿಗೆ ದಾಟಿದವು. ವಿಡಿಯೊ ಹಂಚುವುದೂ ಇಟ್ಟುಕೊಳ್ಳುವುದೂ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಕೆ ಕೊಡಬೇಕಾಯಿತು. ಹಾಗೆ ದಾಟಿಸಿದವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತಿದವರಲ್ಲ. ನೋಡಿದರು, ಮುಂದಕ್ಕೆ ಕಳಿಸಿದರು. ಮನೆಯಲ್ಲಿ ಆ ಫೋನು ಹಿಡಿದು ಆಡುತ್ತಿದ್ದ ಹದಿಮೂರರ ಮಕ್ಕಳು ಅದನ್ನು ಗಮನಿಸಲಿಲ್ಲ ಎಂದು ನಂಬುವುದು ಕಷ್ಟ.

ಪರಿಹಾರದ ಪ್ರಶ್ನೆಗೆ ಬಂದರೆ ಒಂದು ಉಪನ್ಯಾಸ, ಒಂದು ಪ್ರತಿಜ್ಞೆ, ಒಂದು ಭಿತ್ತಿಪತ್ರದಿಂದ ಆಗುವ ಕೆಲಸ ಇದಲ್ಲ ಎಂಬುದಕ್ಕೆ ನಮ್ಮದೇ ಪುರಾವೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ಪಡೆದ 605 ಹೈಸ್ಕೂಲು ಮಕ್ಕಳನ್ನು ಅದನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿ 2010ರಲ್ಲಿ ವರದಿ ಬಂತು. ಆತ್ಮವಿಶ್ವಾಸ, ಶಿಕ್ಷಕರೊಂದಿಗಿನ ಹೊಂದಾಣಿಕೆ, ಕಷ್ಟ ಎದುರಿಸುವ ಶಕ್ತಿ ಹೆಚ್ಚಿದ್ದವು. ಆದರೆ ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಬರೆದ ಸಂಶೋಧಕರಿಗೆ ಕೃತಜ್ಞರಾಗಿರಬೇಕು, ಏಕೆಂದರೆ ಕಿರುಕುಳದ ಬೇರು ಇರುವುದು ಅಲ್ಲೇ.

ಬಿಹಾರದ ನಳಂದ ಜಿಲ್ಲೆಯ 70ಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ಗೋವಾದ ಸಂಗತ್ ಸಂಸ್ಥೆ ನಡೆಸಿ, 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾದ ‘ಸೆಹರ್’ ಪ್ರಯೋಗ ಇನ್ನೂ ಮುಂದಕ್ಕೆ ಹೋಯಿತು. ಒಂದಷ್ಟು ಶಾಲೆಗಳಲ್ಲಿ ಶಾಲೆಯ ವಾತಾವರಣ ತಿದ್ದುವ ಹೊಣೆಯನ್ನು ಅಲ್ಲಿನ ಶಿಕ್ಷಕರಿಗೇ ಕೊಟ್ಟರು. ಇನ್ನೊಂದಷ್ಟರಲ್ಲಿ ತರಬೇತಿ ಪಡೆದ ಒಬ್ಬ ಸಾಮಾನ್ಯ ವ್ಯಕ್ತಿಯನ್ನು ಇದೇ ಕೆಲಸಕ್ಕೆಂದು ನೇಮಿಸಿದರು. ಎರಡನೆಯ ಬಗೆಯ ಶಾಲೆಗಳಲ್ಲಿ ಕಿರುಕುಳ, ಹಿಂಸೆ, ಖಿನ್ನತೆ ಎಲ್ಲ ಇಳಿದವು. ಶಿಕ್ಷಕರಿಗೇ ಹೊರಿಸಿದ ಕಡೆ ಏನೂ ಬದಲಾಗಲಿಲ್ಲ. ಬಿಸಿಯೂಟದ ಲೆಕ್ಕ, ಚುನಾವಣೆ ಪಟ್ಟಿ, ಹತ್ತನೇ ತರಗತಿ ಫಲಿತಾಂಶ ಎಲ್ಲವನ್ನೂ ಹೊತ್ತ ಮೇಷ್ಟ್ರ ಹೆಗಲಿಗೆ ಇದನ್ನೂ ಏರಿಸಿದರೆ ಇನ್ನೇನಾದೀತು? 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ಹಾಸನ. ಅಂಕಗಳಿಗಾಗಿ ವಿಶೇಷ ತರಗತಿ, ಸರಣಿ ಪರೀಕ್ಷೆಗಳನ್ನು ನಡೆಸಬಲ್ಲ ಜಿಲ್ಲೆ, ತಾಲ್ಲೂಕಿಗೆ ಕೆಲವರನ್ನಾದರೂ ಈ ಕೆಲಸಕ್ಕೆಂದೇ ನೇಮಿಸಿಕೊಳ್ಳುವಂತೆ ಸರ್ಕಾರವನ್ನು ಒತ್ತಾಯಿಸಬಹುದು.

ಅಲ್ಲಿಯವರೆಗೆ ಇರುವ ಬಾಗಿಲುಗಳು ಇವು. ಮಕ್ಕಳ ಸಹಾಯವಾಣಿ 1098. 2022ರಲ್ಲಿ ಶುರುವಾದ ಟೆಲಿ ಮಾನಸ್ 14416, ಇಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಹದಿಹರೆಯದವರಿಗಾಗಿಯೇ ಇದೆ. ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಕಾಂಪೌಂಡ್ ಬಗ್ಗೆ ಕೇಳುವ ಮಕ್ಕಳು ಶಾಲೆಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಹೇಳಬಹುದು, ಕೇಳುವ ಅಧ್ಯಕ್ಷರು ‘ಹುಡುಗಾಟ ಬಿಡ್ರೋ’ ಎನ್ನದಿದ್ದರೆ.

ಹಣ ಕೇಳದ ಒಂದು ಕ್ರಮವನ್ನು ಫಿನ್ಲೆಂಡಿನ ಶಾಲೆಗಳಿಂದ ಹಾಗೆಯೇ ಎತ್ತಿಕೊಳ್ಳಬಹುದು. ಸಾಲ್ಮಿವಾಲಿ ತಂಡ ರೂಪಿಸಿ 2009ರಿಂದ ದೇಶಾದ್ಯಂತ ಹರಡಿದ ‘ಕಿವಾ’ ಕಾರ್ಯಕ್ರಮದಲ್ಲಿ ದೂರು ಬಂದಾಗ ಮೊದಲು ನೊಂದ ಮಗುವಿನ ಜೊತೆ ಒಂಟಿಯಾಗಿ ಮಾತು. ಆಮೇಲೆ ಕಿರುಕುಳ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಕರೆದು, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸುವುದು. ಜೊತೆಗೆ ಅದೇ ತರಗತಿಯಲ್ಲಿ ಎಲ್ಲರೂ ಮೆಚ್ಚುವ ಎರಡು ನಾಲ್ಕು ಮಕ್ಕಳನ್ನು ಕರೆದು, ಈ ಮಗುವಿನ ಪಕ್ಕದಲ್ಲಿ ಇರಿ ಎಂದು ಶಿಕ್ಷಕರು ಕೇಳಿಕೊಳ್ಳುವುದು. ಸುಮಾರು ಎರಡು ವಾರ ಕಳೆದ ಮೇಲೆ ಎಲ್ಲರನ್ನೂ ಮತ್ತೆ ಕರೆದು, ಹೇಳಿದಂತೆ ನಡೆದಿದೆಯೇ ಎಂದು ವಿಚಾರಿಸುವುದು. ನಮ್ಮ ಶಾಲೆಗಳಲ್ಲಿ ಬಿಟ್ಟುಹೋಗುವುದು ಈ ಕೊನೆಯ ಭೇಟಿ. ದೂರು ಕೊಟ್ಟ ದಿನ ಗದರಿಕೆ, ಕ್ಷಮಾಪಣೆ, ಕೈಕುಲುಕಿಸುವುದು ಎಲ್ಲವೂ ಆಗುತ್ತದೆ. ಮೂರನೇ ದಿನ ಬಸ್ ನಿಲ್ದಾಣದಲ್ಲಿ ಅದರ ಸೇಡು ತೀರುತ್ತದೆ, ಆ ಮಗು ಎರಡನೇ ಸಲ ಸ್ಟಾಫ್ ರೂಮಿನ ಬಾಗಿಲಿಗೆ ಬರುವುದಿಲ್ಲ. ದೂರು ಬಂದ ದಿನವೇ ಹಾಜರಿ ಪುಸ್ತಕದಲ್ಲಿ ಎರಡು ವಾರ ಮುಂದಿನ ತಾರೀಖಿಗೆ ಒಂದು ಗುರುತು ಹಾಕಿಟ್ಟುಕೊಂಡು, ಆ ದಿನ ಆ ಮಗುವನ್ನು ತಾವೇ ಕರೆದು ‘ಈಗ ಹೇಗಿದೆಯಪ್ಪಾ’ ಎಂದು ಕೇಳುವುದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಾಗಿಲ್ಲ.